ಭೂಪಾಲಣ್ಣನ ಜೀಪಿನ ಮೀಟರು

ಪೆಟ್ರೋಲಿಗೆ ಎಥೆನಾಲ್ ಬೆರೆಸಿ ಓಡಿಸಿದರೆ ದುಡ್ಡು ಉಳಿಯುತ್ತದೆಯೇ ಅಂತ ಚಿಕ್ಕೋಡಿಯ ಗ್ಯಾರೇಜಿನ ಹುಡುಗರು ನನ್ನನ್ನು ಕೇಳುತ್ತಾರೆ. ಐ.ಟಿ.ಐ. ಮುಗಿಸಿ ಬಂದವರು. ಕೈಯಲ್ಲಿ ಮೊಬೈಲು. ಅದರಲ್ಲಿ ಯಾರೋ ಪುಣ್ಯಾತ್ಮ ಉಳಿಯುತ್ತದೆ ಅಂತ ಒಂದು ವಿಡಿಯೊ ಮಾಡಿರುತ್ತಾನೆ, ಇನ್ನೊಬ್ಬ ಇಂಜಿನ್ನೇ ಹೋಗುತ್ತದೆ ಅಂತ ಇನ್ನೊಂದು ಮಾಡಿರುತ್ತಾನೆ. "ಕಾಕಾ, ನೀವ ಹೇಳ್ರಿ" ಅನ್ನುತ್ತಾರೆ. ಕೇಳಿದಾಗೆಲ್ಲ ನನ್ನ ತಲೆ ಬಿಸಿಯಾಗುತ್ತದೆ. ಹುಡುಗರ ಮೇಲಿನ ಸಿಟ್ಟಲ್ಲ ಅದು. ಇದೇ ಪ್ರಶ್ನೆಗೆ ಸುಳ್ಳು ಉತ್ತರ ಕೊಡಲು ಒಲ್ಲೆ ಅಂದ ಒಬ್ಬ ಮನುಷ್ಯನನ್ನು ಹೇಗೆ ನಡೆಸಿಕೊಂಡರು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಅನ್ನುವುದು ಇದರಲ್ಲಿ ಸಿಗುವುದಿಲ್ಲ. ಅದನ್ನು ಓದಿದರೆ ಯಾರಿಗೂ ಒಂದು ನಟ್ಟು ಬಿಚ್ಚಲು ಬರುವುದಿಲ್ಲ.

ನಾನು ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ಹೆದ್ದಾರಿಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ. ತಂಬಾಕು ವ್ಯಾಪಾರಿಗಳ ಜೀಪುಗಳು, ಬೀಡಿ ಮಾಲು ಒಯ್ಯುವ ಟೆಂಪೊಗಳು ಅಲ್ಲಿಗೆ ಬರುತ್ತಿದ್ದವು. ತಂಬಾಕಿನ ಘಾಟಿಗೆ ಬೆಳಿಗ್ಗೆ ಸೀನಲು ಶುರುಮಾಡಿದರೆ ಮಧ್ಯಾಹ್ನ ಊಟದ ತನಕ ನಿಲ್ಲುತ್ತಿರಲಿಲ್ಲ. ನಮ್ಮ ಉಸ್ತಾದನನ್ನು ಎಲ್ಲರೂ ಮಾಮಾ ಅನ್ನುತ್ತಿದ್ದರು. ಮರಾಠಿ ಮಾತಾಡುವವನು. ಬಾನೆಟ್ ಎತ್ತಿದ ಕೂಡಲೆ ಯಾರಾದರೂ ನಟ್ಟು ಬಿಚ್ಚುವ ಪಾನಾಕ್ಕೆ ಕೈ ಹಾಕಿದರೆ ಕೈಮೇಲೆ ಹೊಡೆಯುತ್ತಿದ್ದ. "ಆಧೀ ಐಕ್, ಮಗ್ ಹಾತ್ ಲಾವ್" ಅನ್ನುತ್ತಿದ್ದ. ಮೊದಲು ಕೇಳು, ಆಮೇಲೆ ಕೈ ಹಚ್ಚು ಅಂತ.

ನಾನು ಕೇಳದೆ ಕೈ ಹಚ್ಚಿದ್ದು ಒಂದು ತಂಬಾಕು ವ್ಯಾಪಾರಿಯ ಜೀಪಿಗೆ. ಹೊಗೆ ಬಿಡುತ್ತಿತ್ತು, ಏರು ಬಂದರೆ ಕೆಮ್ಮುತ್ತಿತ್ತು. ಪಾಯಿಂಟು ಬದಲಿಸಿದೆ, ಪ್ಲಗ್ಗು ಬದಲಿಸಿದೆ, ಕಾರ್ಬೋರೇಟರ್ ಬಿಚ್ಚಿ ತೊಳೆದೆ, ಸಂಜೆಯಾಯಿತು, ಕೆಮ್ಮು ಹೋಗಲಿಲ್ಲ. ಮಾಮಾ ನನ್ನ ಕತ್ತು ಹಿಡಿದು ಮೂಗನ್ನು ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಒತ್ತಿದ. ಸೀಮೆಎಣ್ಣೆ ಗಮ್ಮೆಂದಿತು. ವ್ಯಾಪಾರಿ ಏನೂ ನಾಚಿಕೊಳ್ಳಲಿಲ್ಲ. ಪೆಟ್ರೋಲಿನಲ್ಲಿ ಎಷ್ಟು ಉಳಿಸಿದ್ದೇನೆ ಗೊತ್ತೇನು ಅಂತ ನಮಗೇ ಹೇಳಿದ. ಇಂಜಿನ್ ಬಿಚ್ಚಬೇಕು, ಅದರ ಖರ್ಚು ಇಷ್ಟಾಗುತ್ತದೆ ಅಂತ ಮಾಮಾ ಹೇಳಿದಾಗ, "ಅದು ಬ್ಯಾರೆ ಖರ್ಚು" ಅಂದ. ಎಣ್ಣೆಯ ಖರ್ಚು ಒಂದು ಕಿಸೆ, ರಿಪೇರಿಯ ಖರ್ಚು ಇನ್ನೊಂದು ಕಿಸೆ. ಒಂದೇ ಅಂಗಿಯ ಎರಡು ಕಿಸೆಗಳನ್ನು ಕೂಡಿಸಿ ನೋಡದ ಮನುಷ್ಯನನ್ನು ಅವತ್ತೇ ಮೊದಲು ನೋಡಿದೆ. ಆಮೇಲೆ ಅಂಥವರು ಬೇಕಾದಷ್ಟು ಸಿಕ್ಕರು, ಕೆಲವರು ಕುರ್ಚಿಯ ಮೇಲೆ ಕೂತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯ ಗ್ಯಾರೇಜಿಗೆ ಮಿಸ್ತ್ರಿಯಾಗಿ ಸೇರಿದೆ. ಅದರ ಹೆಸರು ಬರೆಯುವುದಿಲ್ಲ. ರಾಯಬಾಗ, ಅಥಣಿ ಎರಡೂ ಕಡೆಯ ಕಬ್ಬು ಅಲ್ಲಿಗೆ ಬರುತ್ತಿತ್ತು, ಕೃಷ್ಣಾ ಹೊಳೆ ದೂರವಿರಲಿಲ್ಲ, ಅಷ್ಟು ಸಾಕು. ಗ್ಯಾರೇಜಿನಲ್ಲಿ ಐದಾರು ಪೆಟ್ರೋಲ್ ಜೀಪುಗಳು. ಕಬ್ಬಿನ ವಿಭಾಗದ ಸಾಹೇಬರು ಅವುಗಳಲ್ಲಿ ಊರೂರು ತಿರುಗಿ, ಯಾವ ಹೊಲದ ಕಬ್ಬು ಬಲಿತಿದೆ ನೋಡಿ, ಕಡಿಯಲು ಚೀಟಿ ಕೊಟ್ಟು ಬರಬೇಕು. ಚೀಟಿ ಬರದೆ ಕಬ್ಬಿಗೆ ಕತ್ತಿ ಹಾಕುವಂತಿಲ್ಲ. ಹಂಗಾಮಿನಲ್ಲಿ ಒಂದು ಜೀಪು ನಿಂತರೆ ಎಷ್ಟೋ ಮನೆಯವರು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದರು.

ಆ ಜೀಪುಗಳಲ್ಲಿ ಒಂದನ್ನು ಓಡಿಸುತ್ತಿದ್ದವನು ಭೂಪಾಲಣ್ಣ. ಐನಾಪುರದ ಕಡೆಯ ಜೈನ ಒಕ್ಕಲುತನದ ಮನೆಯವನು, ನನಗಿಂತ ನಾಲ್ಕು ವರ್ಷ ದೊಡ್ಡವನು. ಹೊತ್ತು ಮುಳುಗಿದ ಮೇಲೆ ಊಟ ಮಾಡುತ್ತಿರಲಿಲ್ಲ. ಜೀಪು ಎಲ್ಲೇ ಇರಲಿ, ಯಾವ ಸಾಹೇಬರೇ ಕೂತಿರಲಿ, ಸೂರ್ಯ ಇಳಿಯುವ ಮುಂಚೆ ಒಂದು ಮರದ ಕೆಳಗೆ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದ. ಕುಡಿಯುವ ನೀರು ಸೋಸಿದ್ದೇ ಆಗಬೇಕು. ಹಾಗೇ ರೂಢಿಬಿದ್ದು, ಪೆಟ್ರೋಲನ್ನೂ ತೆಳು ಪಂಚೆಯ ತುಂಡು ಮಡಚಿ ಸೋಸಿಯೇ ಟ್ಯಾಂಕಿಗೆ ಹಾಕುತ್ತಿದ್ದ. "ಭೂಪಾಲಣ್ಣಾ, ನಿನ್ನ ಗಾಡೀಗೂ ವ್ರತಾ ಕೊಡಿಸೀ ಏನ?" ಅಂತ ಉಳಿದ ಡ್ರೈವರುಗಳು ಕಾಡಿಸುತ್ತಿದ್ದರು. ಅವನು ನಗುತ್ತಿದ್ದ. ಆ ದಿನಗಳಲ್ಲಿ ಆ ಗಾಡಿಯ ಕಾರ್ಬೋರೇಟರ್ ಜೆಟ್ಟಿನ ಸಣ್ಣ ತೂತಿನಲ್ಲಿ ನಾನು ಒಮ್ಮೆಯೂ ಕಸ ಕಂಡವನಲ್ಲ. ಸಣ್ಣವನಿದ್ದಾಗ ಊರಿಗೆ ಬಂದ ಮುನಿಗಳ ಮುಂದೆ ವ್ರತ ತಗೊಂಡಿದ್ದನಂತೆ. ಮಾಂಸ ಇಲ್ಲ, ಮದ್ಯ ಇಲ್ಲ, ಜೇನು ಇಲ್ಲ, ಸುಳ್ಳು ಇಲ್ಲ. ಮೊದಲಿನ ಮೂರು ನಮ್ಮ ಕಡೆ ಬಹಳ ಜನ ನಡೆಸುತ್ತಾರೆ. ನಾಲ್ಕನೆಯದನ್ನು ನೌಕರಿಯಲ್ಲಿ ಇದ್ದುಕೊಂಡು ನಡೆಸಲು ಹೋಗಿದ್ದು ಅವನೊಬ್ಬನೇ.

ಕಾರ್ಖಾನೆಗೆ ಒಂದು ಡಿಸ್ಟಿಲರಿ ಇತ್ತು. ಕಾಕಂಬಿಯಿಂದ ಸ್ಪಿರಿಟ್, ಅಂದರೆ ಈಗ ನೀವು ಎಥೆನಾಲ್ ಅನ್ನುವುದನ್ನು, ತೆಗೆಯುತ್ತಿದ್ದರು. ಒಂದು ವರ್ಷ ಚೇರ್ಮನ್ನರು ಪರದೇಶಕ್ಕೆ ಹೋಗಿ ಬಂದರು. ಅಲ್ಲಿ ಕಬ್ಬಿನ ಸ್ಪಿರಿಟ್ಟಿನಿಂದ ಕಾರು ಓಡುವುದನ್ನು ನೋಡಿದರಂತೆ. ನೋಡಿದ್ದು ಸುಳ್ಳಲ್ಲ, ಓಡುತ್ತವೆ. ಆದರೆ ಆ ಕಾರುಗಳನ್ನು ಅದಕ್ಕೆಂದೇ ಮಾಡಿರುತ್ತಾರೆ ಅನ್ನುವುದನ್ನು ಇವರು ಕೇಳಿಕೊಂಡು ಬರಲಿಲ್ಲ. ಬಂದವರೇ ಗ್ಯಾರೇಜಿನ ಮುಂದೆ ನಮ್ಮನ್ನೆಲ್ಲ ಸೇರಿಸಿದರು.

"ನಮ್ಮ ಹೊಲದ ಕಬ್ಬ, ನಮ್ಮ ಕಾರ್ಖಾನಿ ಸ್ಪಿರಿಟ್, ನಮ್ಮ ಗಾಡಿ. ಮತ್ತ ಅರಬರ ಪೆಟ್ರೋಲಿಗೆ ಯಾಕ ರೊಕ್ಕಾ ಸುರವೂದು? ಇನ್ನ ಮ್ಯಾಲ ಬೆರಸಿ ಹಾಕ್ರಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೇಳಲು ಚೆನ್ನಾಗಿಯೇ ಇತ್ತು.

ಡಿಸ್ಟಿಲರಿಯಲ್ಲಿ ನಿಪ್ಪಾಣಿ ಕಡೆಯ ಒಬ್ಬ ಕೆಮಿಸ್ಟ್ ಇದ್ದ, ಕುಲಕರ್ಣಿ ಅಂತ. ಚಪ್ಪಾಳೆ ನಿಂತ ಮೇಲೆ ಅವನು ಮುಂದೆ ಬಂದ. ಒಂದು ಗಾಜಿನ ಬಾಟಲಿಯಲ್ಲಿ ಬೆರೆಸಿದ ಎಣ್ಣೆ ತಂದಿದ್ದ. "ಸಾಹೇಬ್ರ, ನಮ್ಮ ಸ್ಪಿರಿಟ್‌ನ್ಯಾಗ ಇನ್ನೂ ನೀರ ಐತ್ರಿ. ನೀರ ಪೂರ್ತಿ ತೆಗದ್ರ ಪೆಟ್ರೋಲ್ ಜೋಡಿ ಕೂಡತೈತಿ. ಇಲ್ಲಂದ್ರ ಥಂಡಿ ಹತ್ತಿದ ಕೂಡಲೆ ಬ್ಯಾರೆ ಆಗಿ ಕೆಳಗ ಕುಂದ್ರತೈತಿ. ಇನ್ನೊಂದ ಮಾತರಿ, ಸ್ಪಿರಿಟ್‌ಗೆ ಪೆಟ್ರೋಲಿನಷ್ಟ ತಾಕತ್ತ ಇಲ್ಲ. ಗಾಡಿ ಅಷ್ಟ ದೂರ ಓಡಂಗಿಲ್ಲ."

ಚೇರ್ಮನ್ನರು ಬಾಟಲಿಯ ಕಡೆ ನೋಡಲೇ ಇಲ್ಲ. "ನೀ ನಮ್ಮ ಕಾರ್ಖಾನಿಯಾಂವನೋ, ಪೆಟ್ರೋಲ್ ಪಂಪಿನಾಂವನೋ?" ಅಂದರು. ಎಲ್ಲರೂ ನಕ್ಕರು. ಕುಲಕರ್ಣಿಯ ಕಿವಿ ಕೆಂಪಾದವು. ಅವನ ಮಾತು ಅಕ್ಷರಕ್ಕೆ ಅಕ್ಷರ ಖರೆ ಆಯಿತು, ಆದರೆ ಅಷ್ಟರಲ್ಲಿ ಅವನು ಕೊಲ್ಲಾಪುರದ ಕಡೆ ಬೇರೆ ನೌಕರಿ ಹಿಡಿದು ಹೋಗಿದ್ದ. ಓದಿದವರು ಹೇಳುವುದಿಲ್ಲ ಅಂತ ನಾವು ಬಾಯಿ ಬಡಿದುಕೊಳ್ಳುತ್ತೇವೆ. ಹೇಳಿದವನಿಗೆ ನಾವು ಮಾಡಿದ ಮರ್ಯಾದೆ ಇದು.

ಅಬಕಾರಿಯವರ ಪರವಾನಗಿ ಹೇಗೆ ತಂದರೋ ನನಗೆ ಗೊತ್ತಿಲ್ಲ. ಯಾರೂ ಕುಡಿಯಬಾರದೆಂದು ಸ್ಪಿರಿಟ್ಟಿಗೆ ಕಹಿ ಬೆರೆಸಿ, ಬ್ಯಾರಲ್ಲಿನಲ್ಲಿ ತಂದು ಗ್ಯಾರೇಜಿನಲ್ಲಿಟ್ಟರು. ಆಗ ಬ್ಯಾರಲ್ಲಿನಿಂದ ಎಣ್ಣೆ ಇಳಿಸುವ ಪದ್ಧತಿ ಹೀಗಿತ್ತು: ರಬ್ಬರ್ ನಳಿಗೆಯ ಒಂದು ತುದಿ ಒಳಗೆ ಬಿಡುವುದು, ಇನ್ನೊಂದು ತುದಿಗೆ ಬಾಯಿ ಹಚ್ಚಿ ಎಳೆಯುವುದು, ಎಣ್ಣೆ ಬಂದ ಕೂಡಲೆ ಥೂ ಅಂತ ಉಗುಳಿ ಡಬ್ಬಿಗೆ ಬಿಡುವುದು. ಎಷ್ಟೇ ಜಾಣನಿದ್ದರೂ ಒಂದು ಗುಟುಕು ಬಾಯಿಗೆ ಬರುತ್ತಿತ್ತು. ಪೆಟ್ರೋಲ್ ಇದ್ದಾಗ ಭೂಪಾಲಣ್ಣನೂ ಹಾಗೇ ಎಳೆಯುತ್ತಿದ್ದ. ಸ್ಪಿರಿಟ್ ಬಂದ ದಿನ ನಳಿಗೆಯನ್ನು ನನ್ನ ಕೈಗೆ ಕೊಟ್ಟ.

"ಮಿಸ್ತ್ರಿ, ಇದು ಸೆರೀನ. ನಾ ಬಾಯಿ ಹಚ್ಚಂಗಿಲ್ಲ."

"ಭೂಪಾಲಣ್ಣಾ, ಕುಡಿಯೂದಲ್ಲ, ಉಗುಳೂದು" ಅಂದೆ.

"ನಾಲಿಗಿಗೆ ಹತ್ತತೈತಲ್ರಿ. ನಾಲಿಗಿಗೆ ಏನ ಗೊತ್ತ, ಉಗುಳಾಕ ಬಂದೈತೋ ಕುಡಿಯಾಕ ಬಂದೈತೋ ಅಂತ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಆದರೆ ಅವನು ನಗಲಿಲ್ಲ. ಅವತ್ತಿನಿಂದ ಅವನ ಜೀಪಿಗೆ ನಾನೇ ಎಳೆದು ತುಂಬಿ ಕೊಡುತ್ತಿದ್ದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ವಾರ ಎಲ್ಲ ಛಲೋ ಇತ್ತು. ಬಿಸಿಲಲ್ಲಿ ಬೆರೆಸಿ ಬಿಸಿಲಲ್ಲೇ ಓಡಿಸಿದರೆ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಹಳೆ ಟ್ಯಾಂಕುಗಳ ಒಳಗೆ ವರ್ಷಗಟ್ಟಲೆ ಹತ್ತಿಕೊಂಡಿದ್ದ ತುಕ್ಕು, ಅಂಟು ಎಲ್ಲವನ್ನೂ ಸ್ಪಿರಿಟ್ ಬಿಡಿಸಿ ತಂದು ಜೆಟ್ಟಿಗೆ ಕೂಡಿಸಿತು. ಇಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪಿನ ರಬ್ಬರ್ ಪೊರೆ ನೆನೆದ ರೊಟ್ಟಿಯ ಹಾಗೆ ಮೆತ್ತಗಾಯಿತು. ಹೊಸದು ತರಿಸಿ ಹಾಕಿದೆ, ಅದೂ ಮೆತ್ತಗಾಯಿತು. ಥಂಡಿ ದಿನಗಳು ಬಂದ ಮೇಲಂತೂ ಕುಲಕರ್ಣಿ ಹೇಳಿದ್ದು ಟ್ಯಾಂಕಿನಲ್ಲಿ ಕಾಣತೊಡಗಿತು. ಸ್ಪಿರಿಟ್ಟಿನ ನೀರು ಕೆಳಗೆ ಕೂತು ಬೆಳಿಗ್ಗೆ ಅದೇ ಮೊದಲು ಇಂಜಿನ್ನಿಗೆ ಹೋಗುತ್ತಿತ್ತು. ಗ್ಯಾರೇಜಿನ ಮುಂದೆ ದಿನಾ ಮುಂಜಾನೆ ಧಕ್ಕಾ ಕೊಡುವ ಜಾತ್ರೆ. ಗಡಿಯಾರ ನೋಡುತ್ತ ನಿಂತ ಕಬ್ಬಿನ ಸಾಹೇಬರು ನಮ್ಮನ್ನು ಬೈಯುತ್ತಿದ್ದರು, ಚೇರ್ಮನ್ನರನ್ನು ಬೈಯಲು ಯಾರಿಗೂ ಧೈರ್ಯ ಇರಲಿಲ್ಲ.

ಒಂದು ಸಲ ಕಾಗವಾಡದ ಕಡೆ ಭೂಪಾಲಣ್ಣನ ಜೀಪು ನಡುದಾರಿಯಲ್ಲಿ ನಿಂತಿತು. ನಾನು ಸಾಮಾನು ತಗೊಂಡು ಹೋದೆ. ಪಕ್ಕದ ಹೊಲದ ಅಜ್ಜಿ ಚೀಟಿಗಾಗಿ ಮೂರು ದಿನದಿಂದ ಕಾಯುತ್ತಿದ್ದಳು. ಕಡಿಯುವ ಗ್ಯಾಂಗು ಬಂದು ಅವಳ ಹೊಲದಲ್ಲಿ ಗುಡಿಸಲು ಹಾಕಿ ಕೂತಿತ್ತು. ಅವಳು ಜೀಪಿನ ಸುತ್ತ ಒಂದು ಸುತ್ತು ಬಂದು, ಮೂಸಿ ನೋಡಿ, "ಏನೋ ಇದು, ನಿಮ್ಮ ಗಾಡಿ ಸೆರಿ ಕುಡದ ಬಂದೈತಿ? ಕುಡದಾವ್ರು ಹಿಂಗ ಹಾದಿ ಮ್ಯಾಲ ಬೀಳ್ತಾರ" ಅಂದಳು. ಸ್ಟೇರಿಂಗಿನಲ್ಲಿ ಕೂತ ಭೂಪಾಲಣ್ಣ ತಲೆ ತಗ್ಗಿಸಿದ. ಅವಳು ಗಾಡಿಗೆ ಬೈದದ್ದು ಅವನಿಗೆ ನಾಟಿತ್ತು.

ಇದೆಲ್ಲ ರಿಪೇರಿಯ ಕಿಸೆ. ಅದನ್ನು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ: ಲೀಟರಿಗೆ ಎಷ್ಟು ಓಡುತ್ತಿದೆ? ಅದು ಎಲ್ಲ ಜೀಪಿನಲ್ಲೂ ಇಳಿದಿತ್ತು. ಎಂಟು ಕೊಡುತ್ತಿದ್ದ ಗಾಡಿ ಆರೂವರೆಗೆ ಬಂದಿತ್ತು. ಆಗ ನಮ್ಮ ಮೇಲೆ ಒಬ್ಬ ವಾಹನ ಅಧಿಕಾರಿ ಇದ್ದರು. ಅವರನ್ನು ಸಾಹೇಬರು ಅಂತಲೇ ಕರೆಯುತ್ತೇನೆ. ಚೇರ್ಮನ್ನರ ಕೃಪೆಯಿಂದ ಬಂದವರು. ಅವರು ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ, "ಅವ್ಹರೇಜ್ ಇಳದ್ರ ಅರ್ಥ ಒಂದ: ಪೆಟ್ರೋಲ್ ಎಲ್ಲೋ ಹೊಂಟೈತಿ. ಮುಂದಿನ ತಿಂಗಳ ಮೊದಲಿನಂಗ ಬರಲಿಲ್ಲಂದ್ರ ಅಂವ ಕಳ್ಳ" ಅಂದರು.

ಈಗ ನೀವು ಹೊಸದಾಗಿ ಕೆಲಸಕ್ಕೆ ಸೇರುವವರು ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಎಣ್ಣೆ ಬದಲಿಸಿದವರು ಮೇಲಿನವರು. ಓಟ ಇಳಿದದ್ದು ಎಣ್ಣೆಯಿಂದ. ಕಳ್ಳ ಆದವನು ಡ್ರೈವರು. ನನ್ನ ನೌಕರಿಯ ಉದ್ದಕ್ಕೂ ಕಂಡ ಅನ್ಯಾಯಗಳಲ್ಲಿ ಇಷ್ಟು ಸಲೀಸಾದದ್ದು ಬೇರೆ ಇಲ್ಲ.

ಮುಂದಿನ ತಿಂಗಳು ಪವಾಡ ನಡೆಯಿತು. ಎಲ್ಲ ಜೀಪುಗಳೂ ಲೀಟರಿಗೆ ಎಂಟು ಓಡಿದವು, ಒಂದು ಎಂಟೂವರೆ ಓಡಿತು. ಪವಾಡ ಮಾಡಿದ್ದು ನಮ್ಮ ಗ್ಯಾರೇಜಿನ ಡ್ರಿಲ್ ಮಶೀನು. ಆ ಕಾಲದ ಮೀಟರು ಒಂದು ತಂತಿಯ ಕೇಬಲ್ಲಿನಿಂದ ತಿರುಗುತ್ತಿತ್ತು. ಕೇಬಲ್ಲಿನ ಕೆಳತುದಿ ಬಿಚ್ಚಿ ಡ್ರಿಲ್ಲಿನ ಬಾಯಿಗೆ ಕಚ್ಚಿಸಿ ಗುಂಡಿ ಒತ್ತಿದರೆ ಸಾಕು, ಗಾಡಿ ನಿಂತಲ್ಲೇ ನಿಂತು ಅಥಣಿಗೆ ಹೋಗಿ ಬರುತ್ತಿತ್ತು. ಚಹಾ ಕುಡಿಯುವುದರೊಳಗೆ ಯಡೂರು ದರ್ಶನವೂ ಆಗುತ್ತಿತ್ತು. ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಮಾಡಿಕೊಂಡರು. ನಾನು ಬೇಡ ಅನ್ನಲಿಲ್ಲ. ಇವತ್ತೂ ಅದಕ್ಕೆ ಪಶ್ಚಾತ್ತಾಪ ಇಲ್ಲ. ಮಾಡದ ಕಳವಿಗೆ ಕಳ್ಳ ಅನ್ನಿಸಿಕೊಳ್ಳಿ ಅಂತ ಹೆಂಡಿರು ಮಕ್ಕಳಿರುವ ಮನುಷ್ಯರಿಗೆ ನಾನು ಹೇಗೆ ಹೇಳಬೇಕಿತ್ತು?

ಭೂಪಾಲಣ್ಣ ಬರಲಿಲ್ಲ. ನಾನೇ ಹೋಗಿ ಕರೆದೆ. "ಬಾ ಅಣ್ಣಾ, ಎರಡ ನಿಮಿಷದ ಕೆಲಸ" ಅಂದೆ.

"ಮಿಸ್ತ್ರಿ, ಗಾಡಿ ಓಡಿಲ್ಲ. ಓಡೇತಿ ಅಂತ ಹೆಂಗ ಹೇಳ್ಲಿ?"

"ನೀ ಎಲ್ಲಿ ಹೇಳತಿ? ಮೀಟರ್ ಹೇಳತೈತಿ."

"ಮೀಟರ್ ನನ್ನ ಗಾಡೀದೈತಲ್ರಿ" ಅಂದ. ಹೋಗಿ ಬಾನೆಟ್ಟಿನ ಮೇಲಿನ ಧೂಳು ಒರೆಸತೊಡಗಿದ.

ಎಲ್ಲರ ಲೆಕ್ಕ ಎಂಟು, ಅವನೊಬ್ಬನದು ಆರೂವರೆ. ಸಾಹೇಬರು ಅವನನ್ನು ಕರೆಸಿದರು, ಗಾಡಿಯ ಸ್ಥಿತಿ ಹೇಳಲು ನನ್ನನ್ನೂ ಕರೆಸಿದರು. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಆಡಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಭೂಪಾಲ, ಎಲ್ಲಾರೂ ಏನ ಮಾಡ್ಯಾರ ನನಗ ಗೊತ್ತಿಲ್ಲಂತ ತಿಳದೀ ಏನ? ನಾ ಏನ ಕಣ್ಣ ಮುಚ್ಚಿಕೊಂಡ ಕುಂತೇನಿ? ಮುಂದಿನ ತಿಂಗಳ ವಾರ್ಷಿಕ ಸಭಾ ಐತಿ. ಚೇರ್ಮನ್ರು ಶೇರುದಾರರ ಮುಂದ ಈ ಸ್ಕೀಮ್ ಬಗ್ಗೆ ಮಾತಾಡೂರದಾರ. ನಿನ್ನ ಒಬ್ಬಂದ ಅಂಕಿ ಅಡ್ಡ ಬರಾಕತ್ತೈತಿ. ಮಿಸ್ತ್ರಿ ಅಲ್ಲೇ ಅದಾನ, ಡ್ರಿಲ್ ಅಲ್ಲೇ ಐತಿ. ಮುಗಿಸಿ ಬಿಡು."

ಕಳ್ಳರನ್ನು ಹಿಡಿಯಲು ಹೊರಟಿದ್ದಾರೆ ಅಂತ ನಾನು ಅಲ್ಲಿಯವರೆಗೆ ನಂಬಿದ್ದೆ. ಆದರೆ ಸುಳ್ಳು ಅಂಕಿ ಬರುವುದೇ ಅವರಿಗೆ ಬೇಕಾಗಿತ್ತು. ಡ್ರೈವರುಗಳು ಹೆದರಿ ಮಾಡಿದ ಸುಳ್ಳಿನ ಮೇಲೆ ಇವರು ತಮ್ಮ ಮಂಟಪ ಕಟ್ಟುತ್ತಿದ್ದರು. ಹೆದರದೆ ಖರೆ ಬರೆದವನಿಗೆ ಮಾತ್ರ ಈ ಕೋಣೆ, ಈ ಇಳಿಸಿದ ದನಿ.

ಭೂಪಾಲಣ್ಣ ಕೈಕಟ್ಟಿ ನಿಂತಿದ್ದ. "ಸಾಹೇಬ್ರ, ನಾ ಬ್ಯಾರೆ ಡ್ರೈವರ್ ಮ್ಯಾಲ ಏನೂ ಹೇಳಂಗಿಲ್ರಿ. ನನ್ನ ಗಾಡಿ ಆರೂವರಿ ಓಡತೈತಿ. ಸ್ಪಿರಿಟ್ ಬಿಟ್ಟ ಬರೇ ಪೆಟ್ರೋಲ್ ಹಾಕಿ ಕೊಡ್ರಿ, ಎಂಟ ಓಡಿಸಿ ತೋರಸ್ತೇನಿ" ಅಂದ.

ಅದನ್ನು ಒಪ್ಪಿಬಿಟ್ಟರೆ ಸ್ಕೀಮೇ ಮುಳುಗುತ್ತಿತ್ತಲ್ಲ. ಎರಡು ದಿನ ಬಿಟ್ಟು ಅವನ ಮೇಲೆ ಪೆಟ್ರೋಲ್ ಕಳವಿನ ವಿಚಾರಣೆ ಹಾಕಿದರು.

ವಿಚಾರಣೆಗೆ ಚೇರ್ಮನ್ನರೇ ಬಂದರು. ಸಾಹೇಬರು ಪಕ್ಕದಲ್ಲಿ. ನಾನು ಸಾಕ್ಷಿ. ಪಂಪಿನ ಪೊರೆ ತೋರಿಸಿದೆ, ಜೆಟ್ಟಿನ ಕಸ ತೋರಿಸಿದೆ. ಅದರತ್ತ ಯಾರೂ ತಿರುಗಲಿಲ್ಲ. ಕೊನೆಗೆ ನನ್ನ ಹತ್ತಿರ ಇದ್ದ ಒಂದೇ ಮಾತು ಎತ್ತಿದೆ.

"ಸಾಹೇಬ್ರ, ಜೀಪಿನ ಟ್ಯಾಂಕಿನಿಂದ ಎಣ್ಣಿ ಕದಿಯೂದ ಹೆಂಗರಿ? ನಳಿಗಿ ಬಿಟ್ಟ ಬಾಯಿಲೆ ಎಳೀಬೇಕು. ಸ್ಪಿರಿಟ್ ಬಂದ ದಿನದಿಂದ ಭೂಪಾಲಣ್ಣ ನಳಿಗಿಗೆ ಬಾಯಿ ಹಚ್ಚಿಲ್ಲ. ವ್ರತ ಐತಿ ಅವಂದು. ಗ್ಯಾರೇಜಿನ ಯಾರನ್ನ ಬೇಕಾದ್ರೂ ಕೇಳ್ರಿ. ಅವನ ಗಾಡೀಗೆ ಎಣ್ಣಿ ನಾ ಎಳದ ತುಂಬತೇನಿ. ಕದಿಯಾಕ ಮಾತ್ರ ಬಾಯಿ ಹಚ್ಚತಾನೇನ್ರಿ?"

ಬಾಗಿಲಲ್ಲಿ ನಿಂತಿದ್ದ ಡ್ರೈವರುಗಳು "ಹೌದ್ರಿ, ಹೌದ್ರಿ" ಅಂದರು. ಒಂದು ಗಳಿಗೆ ನಾವು ಗೆದ್ದೆವು ಅನಿಸಿತು. ಚೇರ್ಮನ್ನರು ಎಲೆ ಅಡಿಕೆ ಅಗಿಯುತ್ತ ನಕ್ಕರು.

"ಬಾಯಿ ಹಚ್ಚದಾಂವ ಕೈ ಹಚ್ಚಿದಾನ. ಎಳಿಯಾಕ ಬ್ಯಾರೆಯಾಂವ ಇದ್ದಾನು. ಮಿಸ್ತ್ರೀನ ಇದ್ದಾನು."

ಆ ನಗುವನ್ನು ನಾನು ಮರೆತಿಲ್ಲ. ಮನುಷ್ಯನ ವ್ರತವನ್ನು ಅವನ ಮೇಲೆಯೇ ತಿರುಗಿಸಿ, ಜೊತೆಗೆ ನನ್ನನ್ನೂ ಸೇರಿಸಿ, ಎಲೆ ಉಗುಳಿ ಎದ್ದರು. ನಾನು ಏನೋ ಕೂಗಿದೆ. ಏನು ಕೂಗಿದೆ ಅಂತ ನೆನಪಿಲ್ಲ, ಡ್ರೈವರುಗಳು ನನ್ನನ್ನು ಹಿಡಿದುಕೊಂಡು ಹೊರಗೆ ತಂದರು. ಭೂಪಾಲಣ್ಣ ಮಾತ್ರ ಅಲ್ಲೇ ನಿಂತಿದ್ದ. ಒಂದೇ ಮಾತು ಕೇಳಿದನಂತೆ: "ಕಳ್ಳ ಅಂತ ಬರದ್ರೇನ್ರಿ?" ಬರೆದಿದ್ದೇವೆ ಅಂದರಂತೆ.

ನೌಕರಿಯಿಂದ ತೆಗೆಯಲಿಲ್ಲ. ತೆಗೆದರೆ ಅವನ ಅಣ್ಣತಮ್ಮಂದಿರು, ಬೀಗರು, ಎಲ್ಲ ಶೇರುದಾರರೇ, ಸಭೆಯಲ್ಲಿ ಎದ್ದು ನಿಲ್ಲುತ್ತಾರೆ ಅನ್ನುವ ಭಯ. ಜೀಪಿನ ಕೀಲಿ ಕಸಿದುಕೊಂಡು ಕಬ್ಬಿನ ಗಾಡಿಗಳ ಅಂಗಳಕ್ಕೆ ಹಾಕಿದರು. ಅವನ ಜೀಪನ್ನು ಪುರಾವೆ ಅಂತ ಶೆಡ್ಡಿನಲ್ಲಿ ನಿಲ್ಲಿಸಿದರು, ಸ್ಪಿರಿಟ್ ನಿಲ್ಲುವ ತನಕ ಅದನ್ನು ಯಾರೂ ಓಡಿಸಲಿಲ್ಲ. ಎತ್ತಿನ ಗಾಡಿ, ಟ್ರಾಕ್ಟರುಗಳಿಗೆ ಸರದಿಯ ತಗಡಿನ ಬಿಲ್ಲೆ ಕೊಡುವ ಕೆಲಸ. ಸ್ಟೇರಿಂಗ್ ಹಿಡಿದ ಮನುಷ್ಯ ಬಿಸಿಲಲ್ಲಿ ನಿಂತು ಬಿಲ್ಲೆ ಹಂಚಿದ. ಅಲ್ಲಿಯೂ ಯಾರ ಗಾಡಿಯನ್ನೂ ಸರದಿ ತಪ್ಪಿಸಿ ಮುಂದೆ ಬಿಡಲಿಲ್ಲ. ಒಮ್ಮೆ ನಿರ್ದೇಶಕರೊಬ್ಬರ ಟ್ರಾಕ್ಟರನ್ನೂ ಸಾಲಿಗೆ ನಿಲ್ಲಿಸಿದನೆಂದು ಇನ್ನೊಂದು ಮೆಮೊ ಸಿಕ್ಕಿತು. ಊರಲ್ಲಿ ಯಾರೂ ಅವನನ್ನು ಕಳ್ಳ ಅನ್ನಲಿಲ್ಲ. ಆದರೂ ಅವನು ಸಂತೆಗೆ ಹೋಗುವುದು ಬಿಟ್ಟ. ಐನಾಪುರದಲ್ಲಿ ಯಾರಾದರೂ "ಯಾಕ್ರಿ, ಜೀಪ ಬಿಟ್ರಿ?" ಅಂತ ಕೇಳಿದರೆ ಏನು ಹೇಳಬೇಕು ಅಂತ ನನ್ನನ್ನೇ ಕೇಳಿದ್ದ. ಸುಳ್ಳು ಹೇಳುವಂತಿಲ್ಲ, ಖರೆ ಹೇಳಲು ನಾಚಿಕೆ.

ವಾರ್ಷಿಕ ಸಭೆಯಲ್ಲಿ ಚೇರ್ಮನ್ನರು ಸ್ಕೀಮಿನಿಂದ ಎಷ್ಟು ಉಳಿಯಿತು ಅಂತ ಓದಿದರು. ಹಾರ ಬಿದ್ದವು. ನಾನು ಹಿಂದೆ ಕಂಬಕ್ಕೆ ಒರಗಿ ನಿಂತು ಕೇಳಿದೆ. ಹೊರಗೆ ಅವರ ಬಿಳಿ ಕಾರು ನಿಂತಿತ್ತು. ಅದಕ್ಕೆ ಒಂದು ದಿನವೂ ಗ್ಯಾರೇಜಿನ ಬ್ಯಾರಲ್ಲಿನ ಎಣ್ಣೆ ಹಾಕಿರಲಿಲ್ಲ, ಚಿಕ್ಕೋಡಿಯ ಪಂಪಿನಿಂದ ಶುದ್ಧ ಪೆಟ್ರೋಲೇ ಬರುತ್ತಿತ್ತು. "ನನ್ನ ಗಾಡಿ ನಾಜೂಕೈತಿ" ಅಂತ ನನಗೇ ಹೇಳಿದ್ದರು. ದೇಶಸೇವೆ ಏನಿದ್ದರೂ ಡ್ರೈವರುಗಳ ಜೀಪಿಗೆ.

ಎರಡನೇ ಹಂಗಾಮು ಮುಗಿಯುವಷ್ಟರಲ್ಲಿ ಸದ್ದಿಲ್ಲದೆ ಸ್ಪಿರಿಟ್ ನಿಂತಿತು. ಸ್ಕೀಮು ಸೋತಿತು ಅಂತ ಯಾರೂ ಹೇಳಲಿಲ್ಲ. ಅಬಕಾರಿಯ ಅಡಚಣೆ ಅಂದರು. ಬ್ಯಾರಲ್ಲುಗಳನ್ನು ವಾಪಸು ಒಯ್ದರು, ಡ್ರಿಲ್ ಮಶೀನು ತೂತು ಕೊರೆಯುವ ಕೆಲಸಕ್ಕೆ ಮರಳಿತು. ಶುದ್ಧ ಪೆಟ್ರೋಲ್ ಹಾಕಿದ ಮೊದಲ ತಿಂಗಳು ಭೂಪಾಲಣ್ಣನ ಜೀಪನ್ನು ನಾನೇ ಓಡಿಸಿ ನೋಡಿದೆ. ಎಂಟು ಓಡಿತು. ಸಾಹೇಬರಿಗೆ ಹೋಗಿ ಹೇಳಿದೆ. "ನೋಡು, ಡ್ರೈವರ್ ಬದಲಾದ ಕೂಡಲೆ ಎಷ್ಟ ಫರಕ" ಅಂದರು. ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಹುಡುಗರೇ, ನಿಮ್ಮ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಈಗಿನದು ಆಗಿನ ಹಾಗಲ್ಲ. ಈಗ ನೀರು ತೆಗೆದ ಎಥೆನಾಲ್ ಬರುತ್ತದೆ, ಹೊಸ ಗಾಡಿಗಳ ರಬ್ಬರ್ ಅದನ್ನು ತಾಳುತ್ತದೆ. ಕಬ್ಬು ಬೆಳೆದವನಿಗೆ ಅದರಿಂದ ನಾಲ್ಕು ಕಾಸು ಬಂದರೆ ನನಗೆ ಹೊಟ್ಟೆಕಿಚ್ಚಿಲ್ಲ, ನಾನೂ ಕಬ್ಬಿನವರ ಅನ್ನ ತಿಂದವನು. ಆದರೆ ಸ್ಪಿರಿಟ್ಟಿನ ತಾಕತ್ತು ಪೆಟ್ರೋಲಿಗಿಂತ ಕಡಿಮೆ ಅನ್ನುವುದು ಕುಲಕರ್ಣಿಯ ಕಾಲದಲ್ಲೂ ಖರೆ, ಇವತ್ತೂ ಖರೆ. ಗಾಡಿ ಅಷ್ಟಕ್ಕಷ್ಟು ಕಡಿಮೆ ಓಡುತ್ತದೆ. ಓಟ ಕಡಿಮೆಯಾಗಿ ಪಂಪಿನಲ್ಲಿ ಬೆಲೆ ಅಷ್ಟೇ ಇದ್ದರೆ ನಿಮ್ಮ ಗಿರಾಕಿಗೆ ಎಲ್ಲಿಂದ ಉಳಿಯಬೇಕು? ಉಳಿಯುವುದಾದರೆ ಬೇರೆ ಯಾರಿಗೋ ಉಳಿಯುತ್ತದೆ. ಗಿರಾಕಿ ಬಂದು ಓಟ ಇಳಿದಿದೆ ಅಂದರೆ ನಿನಗೆ ಓಡಿಸಲು ಬರುವುದಿಲ್ಲ ಅಂತ ಅವನಿಗೆ ಬೈಯಬೇಡಿ. ಮಾಮಾ ಹೇಳಿದ ಹಾಗೆ ಮೊದಲು ಕೇಳಿ. ಕೇಳದೆ ಕೈ ಹಚ್ಚಿದ್ದಕ್ಕೆ ನನ್ನ ಒಂದು ದಿನ ಹೋಯಿತು. ಅಲ್ಲಿ ಕೇಳದೆ ತೀರ್ಪು ಕೊಟ್ಟಿದ್ದಕ್ಕೆ ಒಬ್ಬನ ಹೆಸರೇ ಹೋಯಿತು.

ಇನ್ನು ಜೀಪುಗಳ ಕಥೆ. ತೊಂಬತ್ತರ ದಶಕದಲ್ಲಿ ಡೀಸೆಲ್ ಗಾಡಿಗಳು ಬಂದವು, ಹಳೇ ಪೆಟ್ರೋಲ್ ಜೀಪುಗಳನ್ನು ಹರಾಜಿಗಿಟ್ಟರು. ನಿಪ್ಪಾಣಿ, ಮಿರಜ್ ಕಡೆಯಿಂದ ವ್ಯಾಪಾರಿಗಳು ಬಂದರು. ಡೀಸೆಲ್ ಇಂಜಿನ್ ಕೂಡಿಸಿ ಮಂದಿ ಸಾಗಿಸಲು ಅವರಿಗೆ ಬೇಕಿತ್ತು. ಇಂಜಿನ್ ಹೇಗೂ ಬದಲಾಗುತ್ತದೆ, ಆದರೆ ಗೇರು, ಚಕ್ರದ ಅಚ್ಚಿನ ಹೌಸಿಂಗು ಎಷ್ಟು ಸವೆದಿವೆ ಅನ್ನುವುದು ಮುಖ್ಯ. ಅದಕ್ಕೆ ಎಲ್ಲರೂ ಮೊದಲು ಮೀಟರು ನೋಡಿದರು. ಡ್ರಿಲ್ಲಿನ ಪ್ರಸಾದ ಅಲ್ಲಿ ಸಾಲಾಗಿ ನಿಂತಿತ್ತು. ಒಂದೊಂದು ಜೀಪು ನಾಲ್ಕೈದು ಸಲ ಭೂಮಿ ಸುತ್ತಿ ಬಂದಷ್ಟು ಓಡಿತ್ತು. ವ್ಯಾಪಾರಿಗಳು ಮುಖ ಸಿಂಡರಿಸಿ ಗುಜರಿಯ ಬೆಲೆ ಕೇಳಿದರು.

ಕೊನೆಗೆ ಭೂಪಾಲಣ್ಣನ ಜೀಪು ಬಂತು. ಹರಾಜು ಕೂಗುತ್ತಿದ್ದವರು ಅದೇ ಸಾಹೇಬರು. ಅವರು ಗಾಡಿಯ ಮೂತಿ ತಟ್ಟಿ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು:

"ಇದು ಭೂಪಾಲನ ಗಾಡಿ! ಉಳಿದ ಮೀಟರ್ ಬಿಡ್ರಿ, ಇದರ ಮೀಟರ್ ಖರೇ ಐತಿ! ಒಂದ ಕಿಲೋಮೀಟರ್ ಸುದ್ದಾ ಹೆಚ್ಚಿಲ್ಲ, ಕಮ್ಮಿ ಇಲ್ಲ! ಬೇಕಾದ್ರ ಮಿಸ್ತ್ರೀನ ಕೇಳ್ರಿ!"

ನನಗೆ ಅಲ್ಲೇ ಕೈಯಲ್ಲಿದ್ದ ಪಾನಾ ಬೀಸಿ ಒಗೆಯಬೇಕು ಅನ್ನಿಸಿತು. ಯಾವ ಮೀಟರಿಗಾಗಿ ಒಬ್ಬನನ್ನು ಕಳ್ಳ ಅಂತ ಬರೆದರೋ, ಅದೇ ಮೀಟರನ್ನು ಅದೇ ಬಾಯಲ್ಲಿ ಮಾರುತ್ತಿದ್ದರು. ಸವಾಲು ಏರುತ್ತ ಹೋಯಿತು. ನಿಪ್ಪಾಣಿಯ ಒಬ್ಬ ಸಾಹುಕಾರ ಎಲ್ಲರಿಗಿಂತ ಮುಂದೆ ಹೋದ. ಸಾಹೇಬರ ಮುಖ ಹಿಗ್ಗಿತು.

ಆಗ ಗುಂಪಿನ ಹಿಂದಿನಿಂದ ಭೂಪಾಲಣ್ಣ ಬಂದ. ಕೈಯಲ್ಲಿ ಬಿಲ್ಲೆಗಳ ಚೀಲ ಹಾಗೇ ಇತ್ತು. ಸಾಹುಕಾರನ ಹತ್ತಿರ ನಿಂತು ಸಾವಕಾಶ ಹೇಳಿದ:

"ಸಾವಕಾರ್ರ, ಮೀಟರ್ ಖರೇ ಐತ್ರಿ. ಆದ್ರ ನಾ ಓಡಸೂವಾಗಿಂದ ಎರಡನೇ ಗೇರ್ ನಿಲ್ಲಂಗಿಲ್ಲ, ಘಾಟ ಇಳಿಯಾಗ ಹೊರಗ ಜಿಗೀತೈತಿ. ಕೈಲೆ ಹಿಡೀಬೇಕು. ಅದನ್ನ ನೋಡ್ಕೊಂಡ ಸವಾಲ ಹಾಕ್ರಿ."

ಸವಾಲು ಅಲ್ಲಿಗೇ ನಿಂತಿತು. ಸಾಹುಕಾರ ಹಿಂದೆ ಸರಿದು ಗೇರು ಅಲ್ಲಾಡಿಸಿ ನೋಡಿ, ಬೆಲೆ ಇಳಿಸಿ ತಗೊಂಡ. ಸಾಹೇಬರು ಎಲ್ಲರ ಮುಂದೆ, "ಈ ಮನಷ್ಯಾ ಅವತ್ತೂ ಕಾರ್ಖಾನಿಗೆ ಲುಕಸಾನ ಮಾಡಿದಾಂವ, ಇವತ್ತೂ ಮಾಡಿದ" ಅಂದರು.

ಭೂಪಾಲಣ್ಣ ಅಷ್ಟರಲ್ಲಿ ಅಂಗಳದ ಕಡೆ ಹೊರಟಿದ್ದ. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ನಾನು ಓಡಿ ಹೋಗಿ ಅವನ ತೋಳು ಹಿಡಿದೆ. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಅಣ್ಣಾ, ಕೇಳಿದೀ ಇಲ್ಲೋ? ನಿನ್ನ ಮೀಟರ್ ಖರೇ ಐತಿ ಅಂತ ಇಷ್ಟ ಮಂದಿ ಮುಂದ ಅವರ ಬಾಯಿಲೇನ ಒದರಿದ್ರು."

"ಕೇಳಿದ್ನಿ ಮಿಸ್ತ್ರಿ" ಅಂದ. ಮೊದಲಿನ ಗಾಡಿಯವನಿಗೆ ಬಿಲ್ಲೆ ಕೊಟ್ಟು, ಎತ್ತಿನ ಮೈ ತಟ್ಟಿ ಮುಂದೆ ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಗಾಡೀದ ಖರೇ ಅಂದ್ರು. ನಂದ ಅನಲಿಲ್ಲಲ್ರಿ."